ಅತ್ತೆಯ ಕುರ್ಚಿಗೆ ಅಪ್ಪ ಹಾಕಿದ ಬೆಸುಗೆ

ನಮ್ಮಪ್ಪನನ್ನು ಊರಲ್ಲಿ ಎಲ್ಲರೂ ಗಟ್ಟಿ ಮೇಸ್ತ್ರಿ ಅಂತಲೇ ಕರೆಯುವುದು. ಗೇಟು, ಕಿಟಕಿಯ ಸರಳು, ಮೆಟ್ಟಿಲ ಪಕ್ಕದ ಕಂಬಿ ಮಾಡುವುದು ಅವರ ಕೆಲಸ. ಬೇರೆಯವರು ಎರಡು ಕಡೆ ಚುಕ್ಕೆ ಇಟ್ಟಂತೆ ಬೆಸುಗೆ ಹಾಕಿ ಮುಗಿಸುವ ಜಾಗದಲ್ಲಿ ಅಪ್ಪ ಸುತ್ತಲೂ ಹಾಕುತ್ತಾರೆ. ಮುಗಿದ ಮೇಲೆ ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಾರೆ, ಕಾಲಿನಿಂದ ಒದೆಯುತ್ತಾರೆ. ಅಷ್ಟಕ್ಕೂ ಸಮಾಧಾನವಾಗದಿದ್ದರೆ ಮನೆ ಯಜಮಾನನನ್ನೇ ಕರೆದು, ಒಂದು ಸಲ ಜೋತುಬಿದ್ದು ನೋಡಿ ಅನ್ನುತ್ತಾರೆ. ನಮ್ಮ ಬೀದಿಯ ಮೂಲೆಯ ಬೇಕರಿಯವರು ತಮಾಷೆ ಮಾಡುವುದುಂಟು: ಮೇಸ್ತ್ರಿ ಮಾಡಿದ ಗೇಟನ್ನು ಕಳ್ಳನೂ ತೆಗೆಯಲಾರ, ಮನೆಯವರೂ ತೆಗೆಯಲಾರರು ಅಂತ. ಅಪ್ಪ ಅದನ್ನು ಹೊಗಳಿಕೆ ಅಂದುಕೊಂಡು ನಗುತ್ತಿದ್ದರು.

ಅಲ್ಲಾಡುವ ವಸ್ತು ಕಂಡರೆ ಅಪ್ಪನಿಗೆ ಆಗದು. ಹೋದ ಮನೆಯಲ್ಲಿ ಕೂತ ಬೆಂಚು ಅಲ್ಲಾಡಿದರೂ ಬಗ್ಗಿ ನೋಡುತ್ತಾರೆ. ಅದಕ್ಕೆ ಕಾರಣ ನನ್ನ ಸೋದರತ್ತೆ. ಅಪ್ಪನಿಗಿಂತ ದೊಡ್ಡವರು, ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವರು. ಹರೆಯದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಾಗ, ಮರಳಿನ ಬಾಂಡ್ಲಿ ಹೊತ್ತು ಮೇಲೆ ಹತ್ತುವ ಹಲಗೆ ಜಾರಿ ಕೆಳಗೆ ಬಿದ್ದರು. ಸೊಂಟದಿಂದ ಕೆಳಗೆ ಮತ್ತೆ ಜೀವ ಬರಲಿಲ್ಲ. ಆ ಹಲಗೆಗೆ ಯಾರಾದರೂ ಒಂದು ಮೊಳೆ ಹೊಡೆದಿದ್ದರೆ ಅಕ್ಕ ಇವತ್ತು ನಡೆದಾಡುತ್ತಿದ್ದಳು ಅನ್ನುವುದು ಅಪ್ಪನ ಬಾಯಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ.

ಅತ್ತೆ ಇರುವುದು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ. ಕಿಟಕಿ ತೆಗೆದರೆ ಅಪ್ಪನ ಶೆಡ್ಡು ಕಾಣುತ್ತದೆ. ಕಿಟಕಿಯ ಪಕ್ಕ ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರ, ಗೋಡೆಗೆ ಒತ್ತಿದಂತೆ ಮಂಚ, ಅದರಾಚೆ ಬಚ್ಚಲು. ಗಾಲಿಕುರ್ಚಿ ನುಗ್ಗಲಿ ಅಂತ ಅಪ್ಪ ಬಚ್ಚಲಿನ ಬಾಗಿಲನ್ನು ಅಗಲ ಮಾಡಿಸಿದ್ದರು. ಪೇಟೆಯ ದರ್ಜಿಯೊಬ್ಬರು ಕಾಜಾ ಹೊಲಿಯುವ, ಗುಂಡಿ ಹಚ್ಚುವ, ಪ್ಯಾಂಟಿನ ಕಾಲು ಮಡಚುವ ಕೆಲಸವನ್ನೆಲ್ಲ ಅತ್ತೆಗೇ ಕಳಿಸುತ್ತಿದ್ದರು. ಅತ್ತೆಯ ಬೆರಳು ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ. ಹೊಟ್ಟೆ ಬೆಳೆಸಿಕೊಂಡ ಗಿರಾಕಿಯ ಪ್ಯಾಂಟು ಬಿಚ್ಚಿ ಅಗಲ ಮಾಡುವಾಗ, ಈ ಮನುಷ್ಯ ಇನ್ನೊಂದು ಸಲ ಉಂಡರೆ ನನ್ನ ದಾರ ಸಾಲದು ಅನ್ನುತ್ತಿದ್ದರು.

ಅತ್ತೆಗೆ ಒಂದೇ ಒಂದು ಹಟವಿತ್ತು. ಯಾರೂ ಅವರನ್ನು ಎತ್ತಬಾರದು. ಬಿದ್ದ ಹೊಸದರಲ್ಲಿ ಅಕ್ಕಪಕ್ಕದವರು, ನೆಂಟರು, ಕೈಗೆ ಸಿಕ್ಕವರೆಲ್ಲ ಬಂದು ಮೂಟೆ ಎತ್ತಿದಂತೆ ಎತ್ತಿ ಇಳಿಸುತ್ತಿದ್ದರಂತೆ. ಬಟ್ಟೆ ಎಲ್ಲಿ ಸರಿಯಿತು, ಕಾಲು ಎಲ್ಲಿ ತಗುಲಿತು ಅಂತ ನೋಡುವವರಿರಲಿಲ್ಲ. ಆಮೇಲೆ ಆಸ್ಪತ್ರೆಯ ನರ್ಸೊಬ್ಬರು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ ತಾವಾಗಿಯೇ ಸರಿಯುವುದನ್ನು ಕಲಿಸಿಕೊಟ್ಟರು. ಮನೆಗೆ ಬಂದ ದಿನವೇ ಅತ್ತೆ ಹೇಳಿಬಿಟ್ಟರು, ಇನ್ನು ನನ್ನ ಮೈಗೆ ಯಾರೂ ಕೈ ಹಾಕಬೇಡಿ ಅಂತ. ಕೂತಲ್ಲಿಂದಲೇ ಹಾಕಿ ತೆಗೆಯಲು ಕೋಣೆಯ ಚಿಲಕಕ್ಕೆ ಉದ್ದನೆಯ ಹಗ್ಗ ಕಟ್ಟಿಸಿಕೊಂಡರು. ಸರಿಯುವ ಹೊತ್ತಿಗೆ ಹಗ್ಗ ಎಳೆದು ಬಾಗಿಲು ಹಾಕಿಕೊಳ್ಳುವರು. ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ತಲೆ ಬಾಚಿಕೊಂಡು ಕುರ್ಚಿಯಲ್ಲಿ ಕೂತಿರುತ್ತಿದ್ದರು. ಸಂಜೆ ಹೋದರೆ ಮಂಚದ ಮೇಲೆ ಹೊದ್ದುಕೊಂಡಿರುತ್ತಿದ್ದರು. ನಡುವೆ ಏನು ನಡೆಯುತ್ತದೆ ಅಂತ ನಮ್ಮ ಮನೆಯಲ್ಲಿ ಯಾರೂ ನೋಡಿದವರಲ್ಲ. ಕೇಳುವುದೂ ಸರಿಯಲ್ಲ ಅನ್ನಿಸುತ್ತಿತ್ತು.

ಆ ಗಾಲಿಕುರ್ಚಿ ಹಳೆಯದು. ಕೈಯಿಡುವ ಕಡೆ ರೆಕ್ಸಿನ್ ಹರಿದು ಒಳಗಿನ ಸ್ಪಂಜು ಪುಡಿಪುಡಿಯಾಗಿ ಉದುರುತ್ತಿತ್ತು. ಅತ್ತೆ ಹೊಲಿಗೆಯಲ್ಲಿ ಉಳಿದ ಬಟ್ಟೆಯ ಪಟ್ಟಿ ಸುತ್ತಿಕೊಂಡಿದ್ದರು. ಬರಬರುತ್ತ ಕುರ್ಚಿಯ ಬಲಗಡೆಯ ಕೈ ಲಟಲಟ ಅನ್ನತೊಡಗಿತು. ಬಿದ್ದ ಕತ್ತರಿ ಎತ್ತಿಕೊಳ್ಳಲು ವಾಲಿದಾಗ ಅದು ಕಿತ್ತುಬಂದು ಅತ್ತೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಅವತ್ತು ಅಪ್ಪನನ್ನು ಕರೆದರು.

"ಈ ಕೈ ಒಂದು ನೋಡೋ. ಒಳಗಿನ ಸ್ಪ್ರಿಂಗ್ ಹೋಗಿರಬೇಕು. ಹಾಗೇ ಮೆತ್ತೆನೂ ಹೊಸದು ಹಾಕಿಸು."

ಅಪ್ಪ ಅದನ್ನು ಹಿಡಿದು ಅಲ್ಲಾಡಿಸಿ ನೋಡಿದರು. ಮುಖ ಕಪ್ಪಿಟ್ಟಿತು. ಇಷ್ಟು ದಿನ ಇದರ ಮೇಲೆ ಕೂತಿದ್ದೀಯಾ, ಒಂದು ಮಾತು ಹೇಳಬಾರದಾ ಅಂತ ಅಕ್ಕನ ಮೇಲೆಯೇ ರೇಗಿದರು. ಗಾಲಿಕುರ್ಚಿ ಮಾರುವ ಅಂಗಡಿಗೆ ಹೋಗಿ ಕೇಳಿದರು. ಈ ಮಾದರಿ ಈಗ ಬರುವುದೇ ಇಲ್ಲ, ಸ್ಪ್ರಿಂಗ್ ಬಿಡಿಯಾಗಿ ಸಿಗುವುದೂ ಇಲ್ಲ, ಸದ್ಯಕ್ಕೆ ದಾರ ಸುತ್ತಿ ಕಟ್ಟಿಕೊಳ್ಳಿ ಅಂದರಂತೆ ಅಂಗಡಿಯವರು. ದಾರ ಸುತ್ತಿ ಕಟ್ಟಿಕೊಳ್ಳಿ ಅಂತ ಗಟ್ಟಿ ಮೇಸ್ತ್ರಿಗೆ ಹೇಳಿದರೆ ಹೇಗಿರಬೇಡ. ಬರುವಾಗ ದಾರಿಯುದ್ದಕ್ಕೂ ಗೊಣಗುತ್ತ ಬಂದರು.

ಮರುದಿನ ಅತ್ತೆಗೆ ಸ್ವಲ್ಪ ಜ್ವರ. ಮಂಚದಲ್ಲೇ ಇದ್ದರು. ಅಪ್ಪ ಕುರ್ಚಿಯನ್ನು ಶೆಡ್ಡಿಗೆ ತಳ್ಳಿಕೊಂಡು ಹೋದರು. ಸ್ಪ್ರಿಂಗ್ ಸಿಕ್ಕಿತಾ ಅಂತ ಅತ್ತೆ ಕೇಳಿದ್ದಕ್ಕೆ, ಸ್ಪ್ರಿಂಗ್ ಯಾಕೆ, ಅದರಪ್ಪನಂಥದ್ದು ಹಾಕ್ತೀನಿ ನೋಡು ಅಂದರು.

ಅಪ್ಪ ಅಷ್ಟು ಪ್ರೀತಿಯಿಂದ ಕೆಲಸ ಮಾಡಿದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಒಪ್ಪಿಕೊಂಡಿದ್ದ ಕೆಲಸಗಳನ್ನೆಲ್ಲ ಪಕ್ಕಕ್ಕಿಟ್ಟರು. ಬಲಗಡೆಯ ಕೈಯನ್ನು ಅದರ ತೂತಿನಲ್ಲಿ ಕೂರಿಸಿ ಸುತ್ತಲೂ ಬೆಸುಗೆ ಹಾಕಿದರು. ಒಂದಕ್ಕೆ ಹಾಕಿ ಇನ್ನೊಂದನ್ನು ಬಿಟ್ಟರೆ ನಾಳೆ ಅದೂ ಅಲ್ಲಾಡುತ್ತದೆ ಅಂತ ಎಡಗಡೆಯದಕ್ಕೂ ಹಾಕಿದರು. ಬೆಸುಗೆಯ ಗಂಟು ಅಕ್ಕನ ಬಟ್ಟೆಗೆ ಸಿಕ್ಕದಿರಲಿ ಅಂತ ಅರದಿಂದ ಉಜ್ಜಿ ಉಜ್ಜಿ ನಯ ಮಾಡಿದರು. ತುಕ್ಕು ತೆಗೆದು ಇಡೀ ಕುರ್ಚಿಗೆ ಕಪ್ಪು ಬಣ್ಣ ಹೊಡೆದರು. ಬೈಕಿನ ಸೀಟು ಹೊಲಿಯುವವನ ಹತ್ತಿರ ದಪ್ಪನೆಯ ಸ್ಪಂಜು ಇಟ್ಟು ಎರಡು ಮೆತ್ತೆ ಹೊಲಿಸಿ ತಂದರು. ಬೀದಿಯವರು ಬಂದು ನೋಡಿದರು. ಬೇಕರಿಯವರು ಕುರ್ಚಿಯ ಕೈಯ ಮೇಲೆಯೇ ಹತ್ತಿ ಕೂತು, ಇದನ್ನು ಮುರಿಯಬೇಕಾದರೆ ಮೇಸ್ತ್ರಿಯೇ ಇನ್ನೊಂದು ಜನ್ಮ ಎತ್ತಿ ಬರಬೇಕು ಅಂದರು.

ಸಂಜೆ ಕುರ್ಚಿಯನ್ನು ಅತ್ತೆಯ ಮಂಚದ ಪಕ್ಕಕ್ಕೆ ತಂದು ನಿಲ್ಲಿಸಿದೆವು. ಅತ್ತೆ ಮಲಗಿದಲ್ಲಿಂದಲೇ ಹೊಸ ಮೆತ್ತೆಯನ್ನು ಸವರಿದರು. ಅವರ ಬೆರಳು ಮೆತ್ತೆಯ ಕೆಳಗೆ ಹೋಯಿತು, ಪೈಪಿನ ಉದ್ದಕ್ಕೂ ಏನನ್ನೋ ಹುಡುಕುತ್ತ ಇಳಿಯಿತು, ಬೆಸುಗೆಯ ಮೇಲೆ ನಿಂತಿತು. ಮತ್ತೊಂದು ಕಡೆಯೂ ನೋಡಿದರು.

"ಚೆನ್ನಾಗಿದೆ ಕಣೋ," ಅಂದರು.

"ಆನೆ ಬಂದು ಕೂತರೂ ಅಲ್ಲಾಡಲ್ಲ ಅಕ್ಕ."

"ಆನೆ ಬರುತ್ತೋ ಇಲ್ವೋ. ನಾನಂತೂ ಕೂತೇ ಇರ್ತೀನಿ."

ನಾವೆಲ್ಲ ನಕ್ಕೆವು. ಅತ್ತೆಯೂ ನಕ್ಕರು. ಆಮೇಲೆ ನಮ್ಮನ್ನು ಹೊರಗೆ ಕಳಿಸಿ ಹಗ್ಗ ಎಳೆದುಕೊಂಡರು. ತುಂಬ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಅತ್ತೆ ಅಮ್ಮನೊಬ್ಬಳನ್ನೇ ಒಳಗೆ ಕರೆದರು.

ಒಳಗೆ ನಡೆದದ್ದು ನಮಗೆ ತಿಳಿದದ್ದು ಬಹಳ ದಿನಗಳ ಮೇಲೆ, ಅಮ್ಮನ ಬಾಯಿಂದ. ಅತ್ತೆಯ ಮೊಣಕೈ ತರಚಿ ರಕ್ತ ಬಂದಿತ್ತಂತೆ. ಸ್ಪ್ರಿಂಗ್ ಹೋಗಿ ತಾನಾಗಿ ಕಿತ್ತುಬಂದದ್ದೇನೋ ನಿಜ, ಆದರೆ ಕುರ್ಚಿಯ ಕೈಯನ್ನು ಮಾಡಿರುವುದೇ ಕಳಚಿ ತೆಗೆಯುವ ಹಾಗೆ. ಕೆಳಗಿನ ಗುಂಡಿ ಒತ್ತಿದರೆ ಅದು ಮೇಲಕ್ಕೆ ಬರಬೇಕು. ಮಂಚದ ಕಡೆಯದನ್ನು ತೆಗೆದಿಟ್ಟು, ಇನ್ನೊಂದರ ಮೇಲೆ ಭಾರ ಹಾಕಿ, ಅತ್ತೆ ಪಕ್ಕಕ್ಕೆ ಜರುಗುತ್ತಿದ್ದರು. ಬಚ್ಚಲಲ್ಲಿ ಅದೇ ತಿರುವುಮುರುವು. ಈಗ ಎರಡೂ ಕಡೆ ಗೋಡೆ ಕಟ್ಟಿದ ಹಾಗಾಗಿತ್ತು. ಮಂಚದಿಂದ ಆ ಗೋಡೆಯನ್ನು ಹತ್ತಿ ದಾಟಲು ಹೋಗಿ ಮೈ ತರಚಿಕೊಂಡಿದ್ದರು.

ಸ್ಪ್ರಿಂಗ್ ಹಾಕು ಅಂದರೆ ಬೆಸುಗೆ ಹಾಕಿದಾನಲ್ಲ, ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತಗೊಂಡ ಹಾಗಾಯ್ತು, ಈಗಲೇ ಹೇಳುತ್ತೇನೆ ಅಂತ ಅಮ್ಮ ಎದ್ದಳಂತೆ. ಅತ್ತೆ ಅವಳ ಕೈ ಹಿಡಿದುಕೊಂಡರು. ಮಗು ಥರ ಖುಷಿಯಾಗಿದಾನೆ ಕಣೇ, ನಾಲ್ಕು ದಿನ ಇರಲಿ, ಆಮೇಲೆ ನಾನೇ ನಿಧಾನಕ್ಕೆ ಹೇಳ್ತೀನಿ ಅಂದರಂತೆ. ಆ ನಾಲ್ಕು ದಿನ ಮುಗಿಯಲೇ ಇಲ್ಲ. ಅಪ್ಪ ದಿನಾ ಬಂದು ಕುರ್ಚಿಯ ಕೈ ಹಿಡಿದು ಜಗ್ಗಿ ನೋಡಿ, ನೋಡಿದೆಯಾ ಅಕ್ಕ, ಕಲ್ಲು, ಅನ್ನುವರು. ಹೇಳಬೇಕು ಅಂತ ಅತ್ತೆ ಬಾಯಿ ತೆರೆದರೂ ಮಾತು ಬೇರೆ ಕಡೆಗೆ ಹೊರಳುತ್ತಿತ್ತು.

ಅಷ್ಟು ದಿನವೂ ಅಮ್ಮನೇ ಅತ್ತೆಯ ಕಂಕುಳಿಗೆ ಕೈಕೊಟ್ಟು ಎತ್ತಿ ಇಳಿಸುತ್ತಿದ್ದಳು. ಅಮ್ಮನದೂ ಸಣ್ಣ ಜೀವ, ಸೊಂಟನೋವು ಬೇರೆ. ಅವಳಿಗೆ ತೊಂದರೆ ಕೊಡಬಾರದು ಅಂತ ಅತ್ತೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಬೆಳಿಗ್ಗೆ ತುಂಬಿಸಿಟ್ಟ ಚೊಂಬು ಸಂಜೆಯವರೆಗೂ ಹಾಗೇ ಇರುತ್ತಿತ್ತು. ತುಟಿ ಒಡೆಯಿತು. ಗಿರಾಕಿಗಳ ಹೊಟ್ಟೆಯ ಮೇಲಿನ ತಮಾಷೆ ನಿಂತುಹೋಯಿತು. ಅಪ್ಪನಿಗೆ ಅದೂ ಬೇರೆಯೇ ಥರ ಕಾಣಿಸಿತು. ನಮ್ಮಕ್ಕ ಈಗ ಆರಾಮಾಗಿದಾಳೆ, ಒಂದು ದೂರಿಲ್ಲ, ಒಂದು ಕೂಗಿಲ್ಲ ಅಂತ ಬೇಕರಿಯವರ ಮುಂದೆ ಹೇಳಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಅಪ್ಪ ಮರೆತುಹೋದ ಅಳತೆ ಪಟ್ಟಿಗೆ ಅಂತ ಮನೆಗೆ ಬಂದರು. ಅತ್ತೆಯ ಕೋಣೆಗೆ ಚಿಲಕ ಹಾಕಿರಲಿಲ್ಲ. ಅತ್ತೆಯ ಎರಡು ಕೈಯೂ ಅಮ್ಮನ ಕೊರಳಲ್ಲಿದ್ದವು, ಹಗ್ಗ ಎಳೆಯುವವರು ಯಾರು? ಅಪ್ಪ ಬಾಗಿಲು ತಳ್ಳಿದಾಗ ಅತ್ತೆ ಮಂಚಕ್ಕೂ ಕುರ್ಚಿಗೂ ನಡುವೆ ತೂಗುತ್ತಿದ್ದರು. ಒಂದು ಪಾದ ಕುರ್ಚಿಯ ಕಾಲುಹಲಗೆಗೆ ಸಿಕ್ಕಿಕೊಂಡಿತ್ತು. ಅಮ್ಮ ಬಿಡಿಸಲಾರದೆ, ಇಳಿಸಲಾರದೆ ನಿಂತಿದ್ದಳು. ಅಪ್ಪ ಓಡಿ ಹೋಗಿ ಪಾದ ಬಿಡಿಸಿದರು. ಅತ್ತೆ ಕಣ್ಣು ಮುಚ್ಚಿಕೊಂಡೇ ಇದ್ದರು.

ಅವರನ್ನು ಕೂರಿಸಿ ಅಮ್ಮ ಗೋಡೆಗೆ ಒರಗಿದಳು. ಯಾಕಕ್ಕ ನೀನೇ ಇಳಿಯುತ್ತಿದ್ದೆಯಲ್ಲ ಅಂತ ಅಪ್ಪ ಕೇಳಿದರು. ಅತ್ತೆ ಕುರ್ಚಿಯ ಕೈಯನ್ನು ತೋರಿಸಿದರು.

"ಇದು ತೆಗೆಯೋದಕ್ಕೆ ಅಂತಲೇ ಇದ್ದಿದ್ದು ಕಣೋ."

ಅಪ್ಪನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ನೆಲದ ಮೇಲೆ ಕೂತುಬಿಟ್ಟರು. ಹೇಳಬಾರದಿತ್ತಾ ಅಂತ ಎರಡು ಸಲ ಕೇಳಿದರು. ನೀನು ಕೇಳಬಾರದಿತ್ತಾ ಅಂತ ಅತ್ತೆ ಅನ್ನಲಿಲ್ಲ. ನಾನು ಬಾಗಿಲು ಹಾಕಿಕೊಳ್ಳದೆ ಇದ್ದಿದ್ದರೆ ನಿನಗೂ ಗೊತ್ತಿರುತ್ತಿತ್ತು ಬಿಡು ಅಂದರು.

ಅವತ್ತೇ ಅಪ್ಪ ಗ್ರೈಂಡರ್ ಹಿಡಿದರು. ತಾವೇ ಹಾಕಿದ ಬೆಸುಗೆಯನ್ನು ತಾವೇ ಕೊಯ್ಯುವುದು ನೋಡಲು ಕಷ್ಟವಾಗಿತ್ತು. ಗೇಟಿನ ಕಬ್ಬಿಣ ದಪ್ಪ, ಎಷ್ಟು ಕಾಯಿಸಿದರೂ ತಡೆಯುತ್ತದೆ. ಈ ಪೈಪು ಕಾಗದದ ಹಾಗಿತ್ತು. ಕರಗಿದ ಕಬ್ಬಿಣ ಒಳಗೆಲ್ಲ ಇಳಿದು ತೂತನ್ನೇ ಮುಚ್ಚಿತ್ತು. ಕೈಗಳೇನೋ ಬಿಟ್ಟುಬಂದವು. ಆದರೆ ಅವು ಕೂರಬೇಕಾದ ಜಾಗ ಹರಿದು ಹಲ್ಲು ಹಲ್ಲಾಗಿತ್ತು. ಬೇಕರಿಯವರು ಬಂದು ನೋಡಿದರು, ತಮಾಷೆ ಮಾಡದೆ ಹೋದರು.

ಅಲ್ಲಿಂದ ಶುರುವಾಯಿತು ನಮ್ಮ ಅಲೆದಾಟ. ಓದಿದವಳು ನೀನು, ನೀನೇ ವಿಚಾರಿಸು ಅಂತ ಅಪ್ಪ ನನ್ನ ಕೈಗೆ ಫೋನು ಕೊಟ್ಟರು. ಕುರ್ಚಿ ತಯಾರಿಸಿದ ಕಂಪನಿಗೆ ಮಾಡಿದೆ. ಮಾದರಿಯ ಸಂಖ್ಯೆ ಹೇಳಿ, ಹಳೆಯ ದಾಸ್ತಾನಿನಲ್ಲಿ ಇದ್ದರೆ ನೋಡುತ್ತೇವೆ ಅಂದರು. ಸಂಖ್ಯೆ ಸೀಟಿನ ಕೆಳಗಿನ ಪೈಪಿನ ಮೇಲೆ ಇರುತ್ತದಂತೆ. ಅಪ್ಪ ಅಲ್ಲಿ ತುಕ್ಕು ಉಜ್ಜಿ ಬಣ್ಣ ಹೊಡೆದಿದ್ದರು. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಬಣ್ಣ ಒರೆಸಿದೆವು. ಒಂದು ಅಂಕಿಯೂ ಉಳಿದಿರಲಿಲ್ಲ. ಫೋಟೋ ಕಳಿಸಿದೆ. ಇಂಥದ್ದೇ ಹಲವು ಥರ ಇವೆ, ಖಚಿತವಾಗಿ ಹೇಳಲಾಗದು ಅಂತ ಉತ್ತರ ಬಂತು. ಗಾಲಿಕುರ್ಚಿ ದಾನ ಕೊಡುವ ಸಂಸ್ಥೆಗೂ ಹೋದೆವು. ಅವರ ಗೋದಾಮಿನಲ್ಲಿ ಹೊಸ ಕುರ್ಚಿಗಳು ಸಾಲಾಗಿ ನಿಂತಿದ್ದವು. ಎಲ್ಲಕ್ಕೂ ಕೈ ಒಂದೇ ತುಂಡಾಗಿ ಅಂಟಿಕೊಂಡೇ ಇತ್ತು. ಅಪ್ಪ ಒಂದೊಂದನ್ನೂ ಹಿಡಿದು ಮೇಲಕ್ಕೆ ಎಳೆಯುತ್ತ ಹೋದರು. ಅಲ್ಲಾಡದ್ದನ್ನು ಕಂಡು ಅವರ ಮುಖ ಸಪ್ಪಗಾದದ್ದು ನಾನು ಕಂಡಿದ್ದು ಅದೇ ಮೊದಲು. ಕೈ ತೆಗೆಯಲು ಬರುವಂಥದ್ದು ಬಂದಾಗ ತಿಳಿಸುತ್ತೇವೆ ಅಂತ ನಮ್ಮ ಹೆಸರು ಬರೆದುಕೊಂಡರು. ಇನ್ನೂ ತಿಳಿಸಿಲ್ಲ.

ಅಂಗಡಿಯವರು ಬೇರೆ ಮಾದರಿಯ ಕೈಗಳ ಒಂದು ಜೊತೆ ತರಿಸಿಕೊಟ್ಟರು. ಪೈಪಿನೊಳಗೆ ಇಳಿಯುವ ಅವುಗಳ ಕಾಲು ಸಣ್ಣ. ಲೇತ್ ಕೆಲಸದವರ ಹತ್ತಿರ ಹೋಗಿ ನಡುವೆ ಕೂರುವ ಕೊಳವೆ ಮಾಡಿಸಿದೆವು. ಲೇತಿನವರು ಕುರ್ಚಿಯ ಪೈಪನ್ನು ಬೆಳಕಿಗೆ ಹಿಡಿದು ನೋಡಿ, ಇದನ್ನು ಇನ್ನೊಂದು ಸಲ ಕಾಯಿಸಿದರೆ ಹರಿದುಹೋಗುತ್ತದೆ, ಪಟ್ಟಿ ಹಾಕಿ ಬೋಲ್ಟು ಬಿಗಿದುಕೊಳ್ಳಿ, ಅದಕ್ಕಿಂತ ಹೆಚ್ಚು ಮಾಡಲಾಗದು ಅಂದರು. ಅಪ್ಪ ವಾದ ಮಾಡಲಿಲ್ಲ. ಹಾಗೇ ಮಾಡಿದರು.

ಈಗ ಕೈಗಳು ತೆಗೆಯಲು ಬರುತ್ತವೆ, ಹಾಕಲು ಬರುತ್ತವೆ. ಸುಮ್ಮನೆ ಕೂತಾಗ ಏನೂ ಆಗುವುದಿಲ್ಲ. ಆದರೆ ಭಾರ ಬಿದ್ದ ಕೂಡಲೇ ಹೊರಗಡೆಗೆ ವಾಲುತ್ತವೆ. ಮೊದಲ ದಿನ ಅತ್ತೆ ಹಗ್ಗ ಎಳೆದು ಬಾಗಿಲು ಹಾಕಿಕೊಂಡು ಖುಷಿಯಿಂದಲೇ ಪ್ರಯತ್ನಿಸಿದರು. ಬಿದ್ದ ಸದ್ದು ನಮಗೆಲ್ಲ ಕೇಳಿಸಿತು. ಚಿಲಕ ಒಳಗಿನಿಂದ ಹಾಕಿತ್ತು. ಅಪ್ಪ ತಾವೇ ಮಾಡಿದ ಕಿಟಕಿಯ ಸರಳು ಹಿಡಿದು ಜಗ್ಗಿದರು. ಅದು ಬರುವಂಥದ್ದಲ್ಲ. ಅತ್ತೆ ತೆವಳಿಕೊಂಡು ಬಂದು ಹಗ್ಗ ಹಿಡಿಯುವವರೆಗೆ ನಾವು ಹೊರಗೆ ನಿಂತಿದ್ದೆವು.

ಆಮೇಲೆ ಅತ್ತೆ ಹಗ್ಗವನ್ನು ಬಿಚ್ಚಿಟ್ಟರು. ಎತ್ತುವುದಕ್ಕೆ ಮಾತ್ರ ಈಗಲೂ ಒಪ್ಪುವುದಿಲ್ಲ. ಸರಿಯುವ ಹೊತ್ತಿಗೆ ಅಪ್ಪ ಕುರ್ಚಿಯ ಕೈಯನ್ನು ಎರಡು ಕೈಯಲ್ಲೂ ಒತ್ತಿ ಹಿಡಿದು, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ನಿಲ್ಲಬೇಕು. ಅಮ್ಮನಿಗೆ ಸೊಂಟ ಹಿಡಿದುಕೊಂಡಿದೆ, ಬಗ್ಗಲೇಬಾರದು ಅಂತ ಡಾಕ್ಟರು ಹೇಳಿದ್ದಾರೆ. ನಾನು ಬಸ್ಸು ಹಿಡಿದು ದೂರದ ಕೆಲಸಕ್ಕೆ ಹೋಗುವವಳು. ಹೀಗಾಗಿ ಅಪ್ಪ ಹತ್ತಿರದ ಬೀದಿಗಳ ಕೆಲಸ ಮಾತ್ರ ಒಪ್ಪಿಕೊಳ್ಳುತ್ತಾರೆ. ಬೆಳಿಗ್ಗೆ ಹಿಡಿದು ಹೋದರೆ ಮಧ್ಯಾಹ್ನ ಹಿಡಿಯಲು ಬರುತ್ತಾರೆ, ಸಂಜೆ ಮತ್ತೆ ಬರುತ್ತಾರೆ. ನಡುವಿನ ಹೊತ್ತಿಗೆ ತಕ್ಕಂತೆ ಅತ್ತೆ ತಮ್ಮ ಬಾಯಾರಿಕೆಯನ್ನು ಹೊಂದಿಸಿಕೊಳ್ಳುತ್ತಾರೆ.

ಹೋದ ವಾರ ನನಗೆ ರಜೆಯಿತ್ತು. ಅಪ್ಪ ಹೊಸ ಮನೆಯೊಂದಕ್ಕೆ ಗೇಟು ನಿಲ್ಲಿಸುತ್ತಿದ್ದರು. ಅದರ ಕೆಲಸ ತಡವಾಗಿದ್ದರಿಂದ ಊಟದ ಡಬ್ಬಿ ತೆಗೆದುಕೊಂಡು ನಾನೇ ಹೋಗಿದ್ದೆ. ಗೇಟಿನ ಒಂದು ಬಾಗಿಲು ಮೇಲಿನ ತಿರುಗಣೆಯಲ್ಲಿ ಮಾತ್ರ ಕೂತಿತ್ತು, ಕೆಳಗಿನದು ಇನ್ನೂ ಆಗಬೇಕಿತ್ತು. ಆಗ ಅತ್ತೆಯ ಫೋನು ಬಂತು. ಅಪ್ಪ ಕೈಗವಸು ಬಿಚ್ಚದೆ ನನ್ನ ಕಡೆ ಕಣ್ಣು ಮಾಡಿದರು. ನಾನು ಫೋನನ್ನು ಅವರ ಕಿವಿಯ ಹತ್ತಿರ ಹಿಡಿದೆ.

ಊಟ ಆಯಿತಾ ಅಂತ ಕೇಳಿದರು ಅತ್ತೆ. ಇಲ್ಲ, ಈಗ ಮಾಡಬೇಕು, ಯಾಕೆ ಅಂದರು ಅಪ್ಪ.

"ಏನಿಲ್ಲ, ಸುಮ್ನೆ ಕೇಳಿದೆ. ನಿಧಾನಕ್ಕೆ ಬಾ."

ಅಪ್ಪ ಗೇಟಿನ ಕೆಲಸ ಅಲ್ಲಿಗೇ ಬಿಟ್ಟು ಹೊರಟರು. ಮನೆಯವರು ಬಂದು, ಹೀಗೆ ಅರ್ಧಕ್ಕೆ ನೇತುಹಾಕಿ ಹೋದರೆ ಹೇಗೆ ಮೇಸ್ತ್ರಿ, ಯಾರ ತಲೆ ಮೇಲಾದರೂ ಬಿದ್ದರೆ ಅಂತ ಜೋರು ಮಾಡಿದರು. ಅಪ್ಪ ಒಂದು ತಂತಿ ತಗೊಂಡು ಗೇಟನ್ನು ಕಂಬಕ್ಕೆ ಸುತ್ತಿದರು. ಜಗ್ಗಿ ನೋಡಲಿಲ್ಲ. ನಾನು ಡಬ್ಬಿ ಹಿಡಿದುಕೊಂಡು ಅವರ ಹಿಂದೆ ಓಡಿದೆ.

ಕೋಣೆಯಲ್ಲಿ ಅತ್ತೆ ಯಂತ್ರದ ಮುಂದೆಯೇ ಕೂತಿದ್ದರು. ಹೊಲಿಯಲು ಬಂದ ಯಾರದೋ ಪ್ಯಾಂಟುಗಳನ್ನೆಲ್ಲ ದೂರ ಮೇಜಿನ ತುದಿಗೆ ಸರಿಸಿಟ್ಟು, ಒಂದು ಹಳೆಯ ಬಟ್ಟೆಯನ್ನು ಮಡಿಲ ಮೇಲೆ ಹರಡಿಕೊಂಡಿದ್ದರು. ಕುರ್ಚಿಯ ಕೆಳಗೆ ನೆಲ ಒದ್ದೆಯಾಗಿತ್ತು. ಅಮ್ಮ ಸೊಂಟ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಅಳುತ್ತಿದ್ದಳು.

"ನಿಧಾನಕ್ಕೆ ಬಾ ಅಂದಿದ್ದೆನಲ್ಲ," ಅಂದರು ಅತ್ತೆ. ಅಪ್ಪನ ಮುಖ ನೋಡಲಿಲ್ಲ.

ಅಪ್ಪ ಕುರ್ಚಿಯನ್ನು ಮೆಲ್ಲಗೆ ಬಚ್ಚಲಿಗೆ ತಳ್ಳಿಕೊಂಡು ಹೋದರು. ನಾನು ಬಕೆಟ್ಟಿನಲ್ಲಿ ಬಿಸಿನೀರು ತಂದು ಒಳಗಿಟ್ಟು, ಒಣಗಿದ ಬಟ್ಟೆ ಮೊಳೆಗೆ ತೂಗುಹಾಕಿ, ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಒಳಗಿನಿಂದ ಕುರ್ಚಿಯ ಒಂದು ಕೈ ಕಳಚಿ ಗೋಡೆಗೆ ಒರಗಿಸಿದ ಸದ್ದು ಕೇಳಿತು. ಆಮೇಲೆ ಅತ್ತೆ ಉಸಿರು ಬಿಗಿಹಿಡಿದು ಜರುಗುವ ಸದ್ದು.

"ಬಿಡ್ಲಾ ಅಕ್ಕ?"

"ಇರು. ಇನ್ನೂ ಬಿಡಬೇಡ."